ಗ್ರೂಪ್ ಫೋಟೊ ಮತ್ತು ಹೊರಗಿನವರ ಕಣ್ಣು

ಕೇಳುಗರಿಗೆ ನಮಸ್ಕಾರ.

ಮನೆಗೆ ಲಗ್ನದ್ದೋ ಕುಬಸದ್ದೋ ಗ್ರೂಪ್ ಫೋಟೊ ಬಂದ ದಿನ ಸ್ವಲ್ಪ ಗಮನಿಸಿ ನೋಡಿ. ಫೋಟೊ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರೂ ಮೊದಲು ಹುಡುಕುವುದು ತಮ್ಮ ಮುಖವನ್ನೇ. ಅದು ಚೆನ್ನಾಗಿ ಬಿದ್ದಿದ್ದರೆ "ಫೋಟೊ ಭಾರಿ ಬಂದೈತಿ" ಅನ್ನುತ್ತಾರೆ. ತಮ್ಮ ಕಣ್ಣು ಮುಚ್ಚಿದ್ದರೆ "ಇಂವಗ ಫೋಟೊ ತಗಿಯಾಕ ಯಾರು ಹೇಳಿದ್ರು" ಅನ್ನುತ್ತಾರೆ. ಮೂವತ್ತು ಜನರ ಫೋಟೊಗೆ ಮೂವತ್ತು ತೀರ್ಪು ಬರುತ್ತವೆ. ಇಡೀ ಫೋಟೊವನ್ನು ನೋಡಿದವರು ಮಾತ್ರ ಒಬ್ಬರೂ ಇರುವುದಿಲ್ಲ.

ಹಾಗಾಗಿ ಗ್ರೂಪ್ ಫೋಟೊ ಹೇಗೆ ಬಂದಿದೆ ಎಂದು ತಿಳಿಯಬೇಕಾದರೆ, ಅದರಲ್ಲಿರುವ ಯಾರನ್ನೂ ಅರಿಯದವರಿಗೆ ತೋರಿಸಬೇಕು. ವಿಜಯಪುರದಲ್ಲಿ ನಮ್ಮದೊಂದು ಚಿಕ್ಕ ಬಳಗ ಇದೆ. ಬ್ಯಾಂಕಿನವರು, ಮೇಷ್ಟ್ರು, ಸ್ಟುಡಿಯೊದವರು, ಕಾಲೇಜು ಹುಡುಗರು ಇದ್ದಾರೆ. ಫೋಟೊ ತೆಗೆದವರ ಹೆಸರು ಹೇಳದೆ ಚಿತ್ರವನ್ನು ಮುಂದಿಡುತ್ತೇವೆ. ಉಳಿದವರು ಮಾತಾಡುತ್ತಾರೆ, ಹತ್ತಕ್ಕೆ ಇಷ್ಟು ಎಂದು ಅಂಕವನ್ನೂ ಕೊಡುತ್ತಾರೆ. ತೆಗೆದವರು ಕೊನೆಯವರೆಗೆ ಬಾಯಿ ಬಿಡುವಂತಿಲ್ಲ. ಈ ಕೊನೆಯ ನಿಯಮ ಕೇಳಲಿಕ್ಕೆ ಸುಲಭ, ಪಾಲಿಸಲಿಕ್ಕೆ ಬಲು ಕಷ್ಟ. "ಅಲ್ರೀ, ಅವತ್ತು ಬಿಸಿಲು ಜಾಸ್ತಿ ಇತ್ತು", "ಅಲ್ರೀ, ಆ ಮಾಮಾ ಹೇಳಿದ ಮಾತೇ ಕೇಳಲಿಲ್ಲ" ಎಂದು ನಾಲಿಗೆ ತುದಿಗೆ ಬರುತ್ತದೆ. ಆದರೆ ನಾಳೆ ಗೋಡೆಗೆ ಬೀಳುವ ಫೋಟೊ ಜೊತೆ ಈ ಸಬೂಬುಗಳೂ ನೇತಾಡುತ್ತವೆಯೇ? ಇಲ್ಲ ಅಲ್ವಾ?

ಹೊರಗಿನವರ ಕಣ್ಣಿಗೆ ಏನು ಬೀಳುತ್ತದೆ ಎಂದು ಹೇಳಲು ಗೋಳಗುಮ್ಮಟಕ್ಕಿಂತ ಒಳ್ಳೆಯ ಜಾಗ ಇಲ್ಲ. ನಮ್ಮೂರಿಗೆ ಬಂದ ನೆಂಟರು, ಶಾಲೆಯ ಪ್ರವಾಸದ ಮಕ್ಕಳು, ಎಲ್ಲರೂ ಅದರ ಮುಂದೆ ಒಂದು ಗ್ರೂಪ್ ಫೋಟೊ ತೆಗೆಸಿಕೊಳ್ಳುತ್ತಾರೆ. ಎಲ್ಲರಿಗೂ ಗುಮ್ಮಟ ಪೂರ್ತಿ ಬರಬೇಕು. ಗುಮ್ಮಟದ ಎತ್ತರ ಸುಮಾರು 51 ಮೀಟರ್. ಮನುಷ್ಯನ ಎತ್ತರ ಒಂದೂವರೆ, ಹೆಚ್ಚೆಂದರೆ ಒಂದೂಮುಕ್ಕಾಲು ಮೀಟರ್. ಜನ ಹೋಗಿ ಗೋಡೆಗೆ ಆತು ನಿಂತರೆ ಗುಮ್ಮಟದ ಎತ್ತರದ ಮೂವತ್ತರಲ್ಲಿ ಒಂದು ಪಾಲಷ್ಟೇ ಕಾಣುತ್ತಾರೆ. ತೆಗೆದವರಿಗೆ ಅದು ತಮ್ಮ ಮನೆಯವರು ಎಂದು ಗೊತ್ತು, ಹಾಗಾಗಿ ಅವರಿಗೆ ಮುಖ ಕಂಡಂತೆಯೇ ಅನಿಸುತ್ತದೆ. ಹೊರಗಿನವರು ನೋಡಿ "ಕೆಳಗೆ ಇರುವೆ ಸಾಲು ಯಾಕೆ?" ಎಂದು ಕೇಳುತ್ತಾರೆ. ಪರಿಹಾರ ಏನು? ಜನರನ್ನು ಕಟ್ಟಡದ ಹತ್ತಿರ ಕಳಿಸಬೇಡಿ, ಕ್ಯಾಮೆರಾದ ಹತ್ತಿರ ಕರೆಯಿರಿ. ಮುಂದಿನ ನಗಾರಖಾನೆ, ಅಂದರೆ ಈಗಿನ ವಸ್ತುಸಂಗ್ರಹಾಲಯ, ದಾಟಿದ ಮೇಲೆ ಹುಲ್ಲುಹಾಸಿನ ಈಚೆ ಬದಿಯಲ್ಲೇ ಅವರನ್ನು ನಿಲ್ಲಿಸಿ. ನೀವು ನಾಲ್ಕೈದು ಮೀಟರ್ ದೂರ ಇರಿ. ಆಗ ಮುಖಗಳೂ ದೊಡ್ಡದಾಗಿ ಬರುತ್ತವೆ, ಹಿಂದೆ ಗುಮ್ಮಟವೂ ಪೂರ್ತಿ ಬರುತ್ತದೆ.

ಬಿಸಿಲಿನ ವಿಷಯಕ್ಕೆ ಬರೋಣ. ನಮ್ಮ ಕಡೆಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ನಡುಮಧ್ಯಾಹ್ನ ತೆಗೆದರೆ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಕೂರುತ್ತದೆ. ಪಟಕ ಸುತ್ತಿದ ಹಿರಿಯರ ಹಣೆಯಿಂದ ಮೂಗಿನವರೆಗೆ ಏನೂ ಕಾಣುವುದಿಲ್ಲ, ಬಿಳಿ ಧೋತರ ಮಾತ್ರ ಫಳಫಳ ಹೊಳೆಯುತ್ತದೆ. ಮೊಬೈಲು ಧೋತರದ ಬಿಳುಪನ್ನು ಉಳಿಸಲು ಹೋದರೆ ಮುಖ ಕಪ್ಪಾಗುತ್ತದೆ, ಮುಖ ಉಳಿಸಲು ಹೋದರೆ ಧೋತರ ಸುಣ್ಣದ ಗೋಡೆಯಾಗುತ್ತದೆ. ಇದಕ್ಕೆ ನೆರಳೇ ಮದ್ದು. ಬೆಳಿಗ್ಗೆ ಗುಮ್ಮಟದ ಪಶ್ಚಿಮಕ್ಕೆ, ಮಸೀದಿಯ ಕಡೆ ಹೋಗಿ. ಅಷ್ಟು ದೊಡ್ಡ ಕಟ್ಟಡ ಅಷ್ಟೇ ದೊಡ್ಡ ನೆರಳು ಚೆಲ್ಲಿರುತ್ತದೆ. ಅದರೊಳಗೆ ನಿಂತು ಬಯಲಿನ ಕಡೆ ಮುಖ ಮಾಡಿದರೆ ಬೆಳಕು ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ, ಯಾರೂ ಕಣ್ಣು ಕಿರಿದು ಮಾಡುವುದಿಲ್ಲ.

ಬಾರಾಕಮಾನ್ ಅಂದರೆ ಎರಡನೇ ಅಲಿ ಆದಿಲ್ ಶಾಹನ ಪೂರ್ತಿಯಾಗದ ಸಮಾಧಿ. ಚಾವಣಿಯೇ ಇಲ್ಲದ ಕಮಾನುಗಳು. ಅಲ್ಲಿ ತೆಗೆದ ಫೋಟೊಗಳಿಗೆ ಬರುವ ಟೀಕೆ ಬೇರೆ ಥರದ್ದು. ಕಲ್ಲು ಕಪ್ಪು, ತಲೆಗೂದಲೂ ಕಪ್ಪು. ಹಿಂದಿನ ಸಾಲಿನವರ ತಲೆ ಎಲ್ಲಿ ಮುಗಿಯಿತು, ಕಂಬ ಎಲ್ಲಿ ಶುರುವಾಯಿತು ಗೊತ್ತೇ ಆಗುವುದಿಲ್ಲ. ಇಳಕಲ್ ಸೀರೆ ಉಟ್ಟ ಹೆಂಗಸರು ಮಾತ್ರ ಎದ್ದು ಕಾಣುತ್ತಾರೆ. ಅವರು ಒಂದೇ ಕಡೆ ಗುಂಪಾಗಿ ನಿಂತುಬಿಟ್ಟಿದ್ದರೆ ಫೋಟೊ ಒಂದು ಬದಿಗೆ ವಾಲಿದಂತಾಗುತ್ತದೆ. ತೆಗೆಯುವಾಗ ಇದು ಹೊಳೆಯುವುದಿಲ್ಲ. ಆಗ ನಮ್ಮ ಗಮನವೆಲ್ಲ ಅಳುವ ಕೂಸಿನ ಮೇಲೆ ಇರುತ್ತದೆ.

ಕಣ್ಣು ಮುಚ್ಚುವ ರೋಗಕ್ಕೆ ಒಂದು ಲೆಕ್ಕವೇ ಇದೆ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಎಂಬಿಬ್ಬರು ಇದನ್ನು ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ ಪ್ರಶಸ್ತಿ ಪಡೆದರು. ಮೊದಲು ನಗು ಬರಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಮಂದ ಬೆಳಕಿದ್ದರೆ ಎರಡರಿಂದ. ಅಷ್ಟು ಫೋಟೊ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣು ತೆರೆದಿರುವ ಸಂಭವ ಹೆಚ್ಚು. ಹನ್ನೆರಡು ಜನರಿಗೆ ಬಯಲಿನಲ್ಲಿ ನಾಲ್ಕು, ಕಲ್ಯಾಣ ಮಂಟಪದ ಒಳಗೆ ಆರು. ಐವತ್ತು ಜನ ಆದರೆ ಈ ಆಸೆ ಬಿಟ್ಟುಬಿಡಬೇಕು. ಈಗ ಒಂದು ಫೋಟೊದ ಮುಖ ತೆಗೆದು ಇನ್ನೊಂದಕ್ಕೆ ಕೂರಿಸುವ ಅನುಕೂಲ ಫೋನಿನಲ್ಲೇ ಬಂದಿದೆ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿನಲ್ಲಿ ಇದನ್ನು ಕೊಟ್ಟಿತು. ಹೀಗೆ ಸರಿ ಮಾಡಿದ ಫೋಟೊಗೆ ಅಂಕ ಕೊಡಬೇಕೇ ಎಂದು ನಮ್ಮಲ್ಲಿ ಜಗಳವೇ ಆಗುತ್ತದೆ. ನನ್ನನ್ನು ಕೇಳಿದರೆ, ಮನೆಯ ಗೋಡೆಗೆ ಹಾಕುವುದಾದರೆ ಧಾರಾಳವಾಗಿ ಮಾಡಿ. ಪತ್ರಿಕೆಗೆ ಕೊಡುವುದಾದರೆ ಬೇಡ. ಆ ಮುಖ, ಆ ಗಳಿಗೆ ಒಟ್ಟಿಗೆ ಇರಲೇ ಇಲ್ಲ ಎಂಬುದು ಅಲ್ಲಿ ಸಣ್ಣ ಮಾತಲ್ಲ.

ಸಾಲುಗಳ ಬಗ್ಗೆ ಒಂದೆರಡು ಮಾತು. ಮೂರು ಸಾಲು ನಿಲ್ಲಿಸಿ, ಲೆನ್ಸಿನ ಬಾಯಿ ಪೂರ್ತಿ ತೆರೆದು ತೆಗೆದರೆ ಮುಂದಿನ ಸಾಲು ಚೊಕ್ಕವಾಗಿ ಬಂದು ಹಿಂದಿನ ಸಾಲು ಮಸುಕಾಗುತ್ತದೆ. ಕ್ಯಾಮೆರಾದಲ್ಲಿ ಆ ಬಾಯಿಯನ್ನು ಕಿರಿದು ಮಾಡಿ, ಎಫ್ 8 ಎಂಬ ಅಳತೆಯ ಆಸುಪಾಸು ಇಡಿ. ಯಾರಾದರೂ ಅಲುಗಾಡಿದರೆ ಮಸುಕಾಗದಂತೆ ಶಟರ್ ವೇಗ 1/125 ಸೆಕೆಂಡಿಗಿಂತ ನಿಧಾನವಾಗದಿರಲಿ. ಮೊಬೈಲಿನ ಪೋರ್ಟ್ರೇಟ್ ಮೋಡ್ ಗುಂಪಿಗೆ ಬೇಡವೇ ಬೇಡ, ಅದು ಹಿಂದೆ ನಿಂತ ಕಾಕಾನ ಕಿವಿಯನ್ನೂ ಹಿನ್ನೆಲೆ ಎಂದು ತಿಳಿದು ಅಳಿಸುತ್ತದೆ. ಜಾಗ ಸಾಲದೆಂದು ಫೋನಿನ ಅಗಲದ ಲೆನ್ಸಿಗೆ ಹೋದರೆ ತುದಿಯಲ್ಲಿ ನಿಂತವರ ಮುಖ ಅಡ್ಡಡ್ಡ ಹಿಗ್ಗುತ್ತದೆ. ಹೊರಗಿನವರು ಇದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಮನೆಯವರು "ಕಾಕಿ ಸ್ವಲ್ಪ ದಪ್ಪ ಆಗ್ಯಾಳ" ಎಂದು ಕಾಕಿಯನ್ನು ದೂರುತ್ತಾರೆ.

ಅಭಿಪ್ರಾಯ ಕೇಳುವುದಕ್ಕೂ ಒಂದು ರೀತಿ ಇದೆ. "ಹೆಂಗೈತಿ ನೋಡ್ರಿ" ಎಂದು ಸುಮ್ನೆ ಮುಂದಿಟ್ಟರೆ "ಮಸ್ತ್ ಐತಿ" ಎಂಬ ಉತ್ತರ ಬರುತ್ತದೆ. ಅದರಿಂದ ಯಾರಿಗೂ ಉಪಯೋಗ ಇಲ್ಲ. ಇದು ಎಲ್ಲಿಗೆ ಹೋಗುವ ಫೋಟೊ ಎಂದು ಮೊದಲು ಹೇಳಿ. ನಲವತ್ತು ಮಕ್ಕಳನ್ನು ಹತ್ತು ಹತ್ತರಂತೆ ನಾಲ್ಕು ಸಾಲು ನಿಲ್ಲಿಸಿದ್ದೀರಿ ಎನ್ನಿ. ನಾಲ್ಕು ಆರು ಇಂಚಿನ ಪ್ರಿಂಟಿನಲ್ಲಿ ಒಂದೊಂದು ಮಗುವಿಗೆ ಸಿಗುವುದು ಒಂದೂವರೆ ಸೆಂಟಿಮೀಟರ್ ಅಗಲ. ಮುಖ ಅದರ ಮೂರನೇ ಒಂದು ಪಾಲು, ಅರ್ಧ ಸೆಂಟಿಮೀಟರ್. ಶಾಲೆಯ ಗೋಡೆಗೆ ಹನ್ನೆರಡು ಹದಿನೆಂಟರ ಪ್ರಿಂಟ್ ಹಾಕಿಸಿದರೆ ಅದೇ ಮುಖ ಮೂರು ಪಟ್ಟು ಅಗಲ. ಅಲ್ಲಿ ಯಾರ ಕೈ ಯಾರ ಹೆಗಲ ಮೇಲಿದೆ, ಯಾರು ಹಿಂದಿನಿಂದ ಕೊಂಬು ತೋರಿಸಿದ್ದಾರೆ, ಎಲ್ಲವೂ ಕಾಣುತ್ತದೆ. ಟೀಕೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಹೇಳುವವರಿಗೂ ಒಂದು ಮಾತು. ಫೋಟೊವನ್ನು ಟೀಕಿಸಿ, ಅದರಲ್ಲಿರುವ ಮನುಷ್ಯರನ್ನು ಅಲ್ಲ. "ಎಡತುದಿಯವರ ಭುಜ ಕತ್ತರಿಸಿ ಹೋಗಿದೆ" ಅನ್ನುವುದು ಟೀಕೆ. "ಆ ದಪ್ಪ ಹೆಂಗಸನ್ನು ಹಿಂದೆ ನಿಲ್ಲಿಸಬೇಕಿತ್ತು" ಅನ್ನುವುದು ಟೀಕೆಯಲ್ಲ, ಬಾಯಿಚಟ. ನಾಲ್ಕು ಜನ ಬೇರೆಬೇರೆಯಾಗಿ ಅದೇ ತಪ್ಪು ಹೇಳಿದರೆ ಒಪ್ಪಿಕೊಳ್ಳಿ. ಒಬ್ಬರೇ ಹೇಳಿದ್ದಾದರೆ ಅದು ಅವರ ರುಚಿ ಇರಬಹುದು. ಇನ್ನೊಂದು ವಿಷಯ, ಬೇರೆಯವರ ಮನೆಯ ಫೋಟೊವನ್ನು ನಾಲ್ಕು ಜನರ ಮುಂದೆ ಇಡುವ ಮೊದಲು ಆ ಮನೆಯವರನ್ನು ಕೇಳಬೇಕು. ಮಕ್ಕಳಿದ್ದರಂತೂ ತಂದೆತಾಯಿಯನ್ನು ಕೇಳದೆ ಇಡಲೇಬಾರದು. ಫೋಟೊ ನಾನು ತೆಗೆದದ್ದು, ಮುಖ ನನ್ನದಲ್ಲವಲ್ಲ.

ಸ್ಪರ್ಧೆಗೆ ಕಳಿಸಬೇಕೆನ್ನುವವರು ಒಂದು ತಿಳಿದಿರಲಿ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಅಂಥ ಸಂಸ್ಥೆಗಳು ನಡೆಸುವ ಸಲಾನ್‌ಗಳಲ್ಲಿ, ಅಂದರೆ ಫೋಟೊ ಸ್ಪರ್ಧೆಗಳಲ್ಲಿ, ಸಾಮಾನ್ಯವಾಗಿ ಮೂವರೋ ಹೆಚ್ಚೋ ತೀರ್ಪುಗಾರರು ಕೂತು, ತೆಗೆದವರ ಹೆಸರು ತಿಳಿಯದೆ ಅಂಕ ಕೊಡುತ್ತಾರೆ. ಒಂದೊಂದು ಚಿತ್ರ ಪರದೆ ಮೇಲೆ ಇರುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ನಲವತ್ತು ಮುಖ ಓದುವುದು ಯಾರಿಂದ ಆಗುತ್ತದೆ? ಹಾಗಾಗಿ ಸಾಲಾಗಿ ನಿಂತ ಗುಂಪು ಅಲ್ಲಿ ಗೆಲ್ಲುವುದು ಅಪರೂಪ.

ಹೊರಗಿನವರ ಕಣ್ಣಿಗೂ ಒಂದು ಮಿತಿ ಇದೆ. 1927ರಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಸಾಲ್ವೆ ಸಮ್ಮೇಳನ ಎಂಬ ವಿಜ್ಞಾನಿಗಳ ಸಭೆಯ ಫೋಟೊ ನೋಡಿ. 29 ಜನ, ಮೂರು ಸಾಲು, ನಮ್ಮ ಶಾಲೆಯ ಬೀಳ್ಕೊಡುಗೆ ಫೋಟೊ ಇದ್ದ ಹಾಗೇ ಇದೆ. ಹೆಸರು ಮುಚ್ಚಿ ನಮ್ಮ ಬಳಗದ ಮುಂದಿಟ್ಟರೆ ಹತ್ತಕ್ಕೆ ಐದು ಅಂಕ ಬಂದೀತು. ಮುಂದಿನ ಸಾಲಿನ ನಡುವೆ ಐನ್‌ಸ್ಟೈನ್ ಕೂತಿದ್ದಾರೆ, ಅಲ್ಲಿರುವ ಒಬ್ಬಳೇ ಹೆಂಗಸು ಮೇರಿ ಕ್ಯೂರಿ, 29ರಲ್ಲಿ 17 ಜನ ನೊಬೆಲ್ ಪಡೆದವರು ಇಲ್ಲವೇ ಮುಂದೆ ಪಡೆದವರು ಎಂದು ತಿಳಿದ ಮೇಲೆ ಯಾರಾದರೂ ಅದಕ್ಕೆ ಅಂಕ ಕೊಡಲು ಕೂರುತ್ತಾರೆಯೇ? ಹಾಗೆಂದು ಸಾಲೇ ಬೇಕು ಎಂದೇನಿಲ್ಲ. 1958ರಲ್ಲಿ ಆರ್ಟ್ ಕೇನ್ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 57 ಜನ ಜಾಝ್ ಸಂಗೀತಗಾರರನ್ನು ಒಂದು ಮನೆಯ ಮೆಟ್ಟಿಲು ಮತ್ತು ಬೀದಿಯಲ್ಲಿ ಸೇರಿಸಿ ಫೋಟೊ ತೆಗೆದರು. ಸಾಲು ನೆಟ್ಟಗಿಲ್ಲ, ಕೆಲವರು ಪಕ್ಕದವರೊಂದಿಗೆ ಮಾತಿನಲ್ಲಿದ್ದಾರೆ. ಬೀದಿಯ ಮಕ್ಕಳು ಬಂದು ರಸ್ತೆಯಂಚಿಗೆ ಕೂತಿದ್ದಾರೆ, ಅವರ ಪಕ್ಕ ಕೌಂಟ್ ಬೇಸಿ ಕೂಡ ಕೂತಿದ್ದಾರೆ. ಆ ಅಡ್ಡಾದಿಡ್ಡಿಯೇ ಫೋಟೊಗೆ ಜೀವ ಕೊಟ್ಟಿದೆ.

ನಮ್ಮಲ್ಲಿ ಪದೇ ಪದೇ ಬರುವ ಇನ್ನೊಂದು ಟೀಕೆ, "ಯಾರೂ ನಕ್ಕಿಲ್ಲ" ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ತಲೆತುಂಬ ಸೆರಗು ಹೊದ್ದು ಕುರ್ಚಿಯಲ್ಲಿ ಕೂತ ಎಂಬತ್ತರ ಅಜ್ಜಿಗೆ ಫೋಟೊ ಅಂದರೆ ಗಂಭೀರವಾಗಿ ಕೂರುವ ಕೆಲಸ. ಆಕೆಯನ್ನು "ನಗರಿ ಆಯಿ, ನಗರಿ" ಎಂದು ಪೀಡಿಸಿ ತರಿಸಿದ ನಗು ಆಕೆಯದಲ್ಲ. ಅಜ್ಜಿ ನಡುವೆ ಯಾಕೆ, ಮದುಮಕ್ಕಳು ನಡುವೆ ಇರಬೇಕಲ್ಲವೇ ಎಂದೂ ಕೇಳುತ್ತಾರೆ. ಅದು ಆ ಮನೆಯ ಮಾತು. ಅದರಲ್ಲಿ ನಾವು ಬಾಯಿ ಹಾಕಬಾರದು.

ಹೊರಗಿನವರಿಗೆ ಎಂದೂ ಕಾಣದ ತಪ್ಪು ಒಂದಿದೆ. ಫೋಟೊದಲ್ಲಿ ಯಾರು ಇಲ್ಲ ಎಂಬುದು. ಲಗ್ನದ ಮನೆಯಲ್ಲಿ ಗ್ರೂಪ್ ಫೋಟೊ ಹೆಚ್ಚಾಗಿ ಊಟದ ಹೊತ್ತಿಗೆ ಆಗುತ್ತದೆ. ಹೋಳಿಗೆ ಬೇಯಿಸುತ್ತಿರುವ ಚಿಕ್ಕಮ್ಮ, ಎಲೆ ಹಾಕಿಸುತ್ತಿರುವ ಸೊಸೆ, ಬಡಿಸಲು ಓಡಾಡುವ ಹುಡುಗರು ಯಾರೂ ಅದರಲ್ಲಿ ಇರುವುದಿಲ್ಲ. ಬೆಳಕು ಸರಿ, ಸಾಲು ಸರಿ, ಎಲ್ಲರ ಕಣ್ಣೂ ತೆರೆದಿವೆ ಎಂದು ನಮ್ಮ ಬಳಗ ಹತ್ತಕ್ಕೆ ಒಂಬತ್ತು ಕೊಡುತ್ತದೆ. ಅದೇ ಫೋಟೊ ಮನೆಗೆ ಬಂದಾಗ ಒಬ್ಬಾಕೆ ನೋಡಿ, ಏನೂ ಹೇಳದೆ ಮುಂದಿನವರ ಕೈಗೆ ದಾಟಿಸುತ್ತಾಳೆ. ಅದಕ್ಕೇ ನಮ್ಮ ಬಳಗದಲ್ಲಿ ಈಗ ತೆಗೆದವರು ಕೊನೆಗೆ ಬಾಯಿ ಬಿಡುವಾಗ ಒಂದು ಪ್ರಶ್ನೆ ಕಡ್ಡಾಯ: ಅಡುಗೆಮನೆಯಲ್ಲಿದ್ದವರನ್ನು ಕರೆದಿದ್ರಾ? ಒಲೆ ಹತ್ತು ನಿಮಿಷ ಆರಿದರೆ ಊಟ ಸ್ವಲ್ಪ ತಡವಾಗುತ್ತದೆ, ಅಷ್ಟೇ. ಬೆಳಿಗ್ಗೆ ಅಡುಗೆ ಶುರುವಾಗುವ ಮೊದಲೇ ತೆಗೆದರೆ ಇನ್ನೂ ಒಳ್ಳೆಯದು, ಆಗ ಅಂಗಳದಲ್ಲಿ ನೆರಳೂ ಇರುತ್ತದೆ.

ನಮಸ್ಕಾರ.