ಬರೀ ಪಶುಪತಿನಾಥ ನೋಡಿ ವಾಪಸ್ ಬರಬೇಡಿ

77 ವರ್ಷ, 7 ತಿಂಗಳು, 7 ದಿನ, 7 ಗಳಿಗೆ, 7 ಪಲ.

ಸುಮ್ನೆ ಏನೋ ಮಂತ್ರ ಹೇಳುತ್ತಿಲ್ಲ ನಾನು. ಇದು ಒಬ್ಬ ಅಜ್ಜಿಯ ವಯಸ್ಸು. ನೇಪಾಳದ ಪಾಟನ್‌ನಲ್ಲಿರುವ ನನ್ನ ಗೆಳೆಯನ ಅಜ್ಜಿ. ನೇವಾರರ ಮನೆಗಳಲ್ಲಿ ಈ ವಯಸ್ಸು ತುಂಬಿದವರಿಗೆ ಜಂಕು ಅಂತ ಒಂದು ಶಾಸ್ತ್ರ ಮಾಡುತ್ತಾರೆ. ಗಳಿಗೆ ಅಂದರೆ 24 ನಿಮಿಷ, ಪಲ ಅಂದರೆ 24 ಸೆಕೆಂಡು, ನಮ್ಮ ಪಂಚಾಂಗದಲ್ಲೂ ಅದೇ ಲೆಕ್ಕ. ನಾನು ಕೂತು ಗುಣಿಸಿದೆ, 7 ಗಳಿಗೆ 7 ಪಲ ಅಂದರೆ 2 ಗಂಟೆ 50 ನಿಮಿಷ ಚಿಲ್ಲರೆ. ಅಷ್ಟು ಕರಾರುವಾಕ್ಕು. ಆದರೆ ಜ್ಯೋತಿಷಿ ಮಾತ್ರ ಆಸುಪಾಸಿನಲ್ಲಿ ಒಂದು ಒಳ್ಳೆ ದಿನ ನೋಡಿ ಇಟ್ಟುಬಿಟ್ಟಿದ್ದರು. ಎಲ್ಲ ಊರಲ್ಲೂ ಪುರೋಹಿತರು ಒಂದೇ.

ನೇವಾರರು ಯಾರು ಅಂತ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಕಠ್ಮಂಡು ಕಣಿವೆಯ ಹಳೆಯ ಜನ. ಕಠ್ಮಂಡು, ಪಾಟನ್, ಭಕ್ತಪುರ, ಈ ಮೂರು ಊರುಗಳಲ್ಲಿ ನೀವು ಫೋಟೋ ತೆಗೆಯುವ ಆ ಇಟ್ಟಿಗೆ ಗುಡಿ, ಕೆತ್ತನೆ ಕಿಟಕಿ, ಒಂದರ ಮೇಲೊಂದು ಛಾವಣಿ ಎಲ್ಲ ಇವರ ಕೈಕೆಲಸ. ಮಾತು ನೇಪಾಳಿ ಅಲ್ಲ, ನೇಪಾಲ್ ಭಾಷಾ, ಅದು ಟಿಬೆಟೊ-ಬರ್ಮನ್ ಗುಂಪಿನ ಭಾಷೆ. ಹಿಂದೂಗಳೂ ಇದ್ದಾರೆ, ಬೌದ್ಧರೂ ಇದ್ದಾರೆ. ಎಷ್ಟೋ ಮನೆಗಳಲ್ಲಿ ನೀವು ಯಾವುದು ಅಂತ ಕೇಳಿದರೆ ಎರಡೂ ಅನ್ನುತ್ತಾರೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಮ್ಮ ಕಡೆಯಿಂದ ನೇಪಾಳಕ್ಕೆ ಹೋಗುವವರು ಕಡಿಮೆಯೇನಿಲ್ಲ. ಪ್ಯಾಕೇಜ್ ಟೂರು. ಪಶುಪತಿನಾಥ, ಮುಕ್ತಿನಾಥ, ಪೋಖರಾ, ಒಂದು ರುದ್ರಾಕ್ಷಿ ಅಂಗಡಿ, ಮುಗಿಯಿತು. ವಾಪಸ್ ಬಂದು ಹೇಳುವ ಮಾತು ಒಂದೇ: "ಅಲ್ಲಿ ಅರ್ಚಕರು ನಮ್ಮವರೇ ಕಣ್ರೀ." ಸುಳ್ಳಲ್ಲ ಅದು. ಪಶುಪತಿನಾಥನ ಲಿಂಗ ಮುಟ್ಟಿ ಪೂಜೆ ಮಾಡುವ ಭಟ್ಟರು ದಕ್ಷಿಣ ಭಾರತದವರೇ, ಕರ್ನಾಟಕದಿಂದ ಹೋದವರು. 2009ರಲ್ಲಿ ಆಗಿನ ಸರ್ಕಾರ ಅವರ ಜಾಗಕ್ಕೆ ನೇಪಾಳದವರನ್ನೇ ತರಲು ಹೋಗಿ ದೊಡ್ಡ ಗಲಾಟೆಯಾಯಿತು, ಅದೇ ವರ್ಷ ಕರ್ನಾಟಕದಿಂದ ಹೊಸದಾಗಿ ಹೋದ ಇಬ್ಬರು ಅರ್ಚಕರ ಮೇಲೆ ಹಲ್ಲೆಯೂ ನಡೆಯಿತು. ಆದರೆ ಆ ಭಟ್ಟರ ಪಕ್ಕದಲ್ಲೇ ನಿಂತು ಗರ್ಭಗುಡಿಯ ಕೆಲಸಕ್ಕೆ ಕೈಜೋಡಿಸುವ ಭಂಡಾರಿಗಳನ್ನು ಯಾರಾದರೂ ನೋಡಿದಿರಾ? ಅವರು ನೇವಾರರು. ನಾನೂ ಮೊದಲ ಸಲ ಹೋದಾಗ ನೋಡಿರಲಿಲ್ಲ. ಭಟ್ಟರ ಹತ್ತಿರ ಕನ್ನಡದಲ್ಲಿ ಮಾತಾಡಿಸಬಹುದಾ ಅಂತ ಕ್ಯೂನಲ್ಲಿ ಕತ್ತು ಉದ್ದ ಮಾಡಿಕೊಂಡು ನಿಂತಿದ್ದೆ, ಅಷ್ಟೇ.

ಇನ್ನೊಂದು ಗುಂಪಿದೆ. ಮಿಥಿಲೆಯಲ್ಲಿ 1097ರ ಹೊತ್ತಿಗೆ ನಾನ್ಯದೇವ ಕಟ್ಟಿದ ಕರ್ನಾಟ ವಂಶ, ಆ ವಂಶದ ಹರಿಸಿಂಹದೇವ 1320ರ ದಶಕದಲ್ಲಿ ರಾಜ್ಯ ಕಳೆದುಕೊಂಡು ಬೆಟ್ಟದ ಕಡೆ ಓಡಿದ್ದು, ಅವನ ಮನೆತನದ ಜೊತೆಗೇ ತಲೇಜು ದೇವಿ, ಅಂದರೆ ಅಲ್ಲಿನ ಮಲ್ಲ ರಾಜರ ಕುಲದೇವಿ, ಭಕ್ತಪುರಕ್ಕೆ ಬಂದಳು ಅಂತ ಹೇಳುವ ಕಥೆ, ಇದನ್ನೆಲ್ಲ ಸೇರಿಸಿ "ನೇಪಾಳದ ರಾಜರೆಲ್ಲ ಕನ್ನಡಿಗರು" ಅಂತ ರೀಲ್ಸ್ ಮಾಡುವವರು. ಸ್ವಾಮಿ, ಇನ್ನೂರು ವರ್ಷಕ್ಕೂ ಜಾಸ್ತಿ ಮಿಥಿಲೆಯಲ್ಲಿದ್ದವರು ಅವರು. ನಮ್ಮ ಹೆಸರು ಅಲ್ಲಿವರೆಗೆ ಹೋಗಿದೆ, ಖುಷಿಪಡೋಣ. ಆದರೆ ಹೋದ ಕಡೆಯೆಲ್ಲ ನಮ್ಮದನ್ನೇ ಹುಡುಕುತ್ತಾ ಇದ್ದರೆ ಅವರದ್ದು ಕಾಣುವುದು ಯಾವಾಗ?

ನನಗೆ ಕಂಡಿದ್ದು ಎರಡನೇ ಸಲ ಹೋದಾಗ. ಗುಡಿಯಲ್ಲಿ ಅಲ್ಲ, ಊಟದ ಸಾಲಲ್ಲಿ.

ಗೆಳೆಯನ ಮನೆ ಇರುವುದು ಒಂದು ಬಹಾದಲ್ಲಿ. ಬಹಾ ಅಂದರೆ ಸುತ್ತ ಮನೆಗಳು, ನಡುವೆ ಅಂಗಳ, ಅಂಗಳದಲ್ಲಿ ಒಂದು ಚೈತ್ಯ, ಒಂದು ಕಡೆ ಗುಡಿ. ಆ ಗುಡಿ ಮನೆಗಳಿಗಿಂತ ಬೇರೆ ಅಂತ ಅನ್ನಿಸುವುದೇ ಇಲ್ಲ. ಚೈತ್ಯಕ್ಕೆ ಒರಗಿಸಿ ಸೈಕಲ್ ನಿಲ್ಲಿಸಿರುತ್ತಾರೆ, ಪಕ್ಕದಲ್ಲೇ ಮೆಣಸಿನಕಾಯಿ ಒಣಗಲು ಹಾಕಿರುತ್ತಾರೆ. ಜಂಕು ದಿನ ಅಲ್ಲೇ ಹೋಮ. ಆಮೇಲೆ ಅಜ್ಜಿಗೆ ಕೆಂಪು ಜರಿ ಸೀರೆ ಉಡಿಸಿ, ಮರದ ಚಕ್ರದ ಒಂದು ಪುಟ್ಟ ರಥದಲ್ಲಿ ಕೂರಿಸಿದರು. ಮಕ್ಕಳು, ಮೊಮ್ಮಕ್ಕಳು ಹಗ್ಗ ಹಿಡಿದು ಎಳೆಯುತ್ತಾ ಬೀದಿಯಲ್ಲಿ ಹೊರಟರು. ಮುಂದೆ ಧಿಮೆ ಬಾಜಾ, ಅಂದರೆ ಅವರ ದೊಡ್ಡ ಡೋಲು. ಪೊಲೀಸರೂ ಇಲ್ಲ, ಬ್ಯಾರಿಕೇಡೂ ಇಲ್ಲ, ಬೈಕ್‌ನವರೇ ಪಕ್ಕಕ್ಕೆ ಸರಿದು ಕೈ ಮುಗಿದರು. ರಥ ಒಂದು ತಿರುವಿನಲ್ಲಿ ಕಲ್ಲಿಗೆ ಸಿಕ್ಕಿ ವಾಲಿತು. ಅಜ್ಜಿ ಎರಡೂ ಕೈಯಲ್ಲಿ ಕಂಬ ಹಿಡಿದುಕೊಂಡು, ಹಗ್ಗದ ತುದಿಯಲ್ಲಿದ್ದ ದೊಡ್ಡ ಮಗನಿಗೆ ಬೈಯಲು ಶುರು ಮಾಡಿದರು. ಆ ಮಗನಿಗೆ ಐವತ್ತು ದಾಟಿದೆ. ದೇವರಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಆಗಲೇ ಬೈಗುಳ.

ಹೌದು, ದೇವರೇ. ಜಂಕು ಆದವರನ್ನು ದೇವರ ಸಾಲಿಗೆ ಸೇರಿಸುತ್ತಾರೆ. ಈ ಮೊದಲನೆಯ ಜಂಕುವಿನ ಹೆಸರು ಕೇಳಿ ನನಗೆ ಆಶ್ಚರ್ಯವಾಯಿತು, ಭೀಮರಥಾರೋಹಣ. ನಮ್ಮಲ್ಲಿ 70ಕ್ಕೆ ಭೀಮರಥ ಶಾಂತಿ ಮಾಡುತ್ತಾರಲ್ಲ, ಅದೇ ಹೆಸರು. ನಮ್ಮಜ್ಜನಿಗೆ ನಾವೂ ಮಾಡಿಸಿದ್ದೆವು. ಕಲ್ಯಾಣ ಮಂಟಪ, ಹೋಮ, ಕಲಶದ ನೀರು, ಊಟ, ಮೂರು ಗಂಟೆಗೆ ಎಲ್ಲರೂ ಕಾರು ಹತ್ತಿದರು. ಹೆಸರಲ್ಲಿ ರಥ ಇದೆ ಅಂತ ನಮ್ಮಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ. ಇವರು ನಿಜವಾಗಲೂ ರಥ ತಂದುಬಿಟ್ಟಿದ್ದಾರೆ.

ಅವರ ಭಾಷೆಯಲ್ಲಿ ಅಜ್ಜಿಗೆ ಏನನ್ನುತ್ತಾರೆ ಗೊತ್ತಾ? ಅಜಿ. ಅಜ್ಜನಿಗೆ ಅಜಾ. ಮೊದಲ ಸಲ ಕೇಳಿದಾಗ ನನ್ನ ಕನ್ನಡ ಕೇಳಿಸಿಕೊಂಡು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅದೇ ಕಣಿವೆಯಲ್ಲಿ ಊರು ಕಾಯುವ ದೇವತೆಗಳ ಹೆಸರು ಅಜಿಮಾ. ಸ್ವಯಂಭು ಬೆಟ್ಟದ ಮೇಲೆ ಆ ದೊಡ್ಡ ಸ್ತೂಪ ಇದೆಯಲ್ಲ, ಎಲ್ಲರೂ ಕಣ್ಣಿನ ಚಿತ್ರದ ಫೋಟೋ ತೆಗೆಯುವ ಜಾಗ, ಅದರ ಪಕ್ಕದಲ್ಲೇ ಹಾರತಿ ಅಜಿಮಾ ಗುಡಿ ಇದೆ. ಸಿಡುಬಿನಿಂದ ಮಕ್ಕಳನ್ನು ಕಾಯುವ ದೇವಿ. ಅಂದರೆ ಗುಡಿಯಲ್ಲಿರುವವಳು ಅಜ್ಜಿ, ಮನೆಯಲ್ಲಿರುವ ಅಜ್ಜಿ ರಥ ಹತ್ತಿ ದೇವರು. ಇದಕ್ಕೇ ನಾನು ಹೇಳುವುದು, ಗುಡಿ ಒಂದನ್ನೇ ನೋಡಿ ಬಂದರೆ ಅರ್ಧ ಮಾತು ಕೇಳಿ ಎದ್ದು ಬಂದ ಹಾಗೆ.

ಈಗ ನನ್ನ ಎಡವಟ್ಟು. ಭೋಜ್‌ಗೆ ನೆಲದ ಮೇಲೆ ಉದ್ದಕ್ಕೆ ಚಾಪೆ ಹಾಸಿ, ಎಲೆ ಇಟ್ಟು, ಹಿರಿಯರಿಂದ ಕಿರಿಯರಿಗೆ ಅನ್ನುವ ಕ್ರಮದಲ್ಲಿ ಕೂರಿಸುತ್ತಾರೆ. ಎಲೆಗೆ ಮೊದಲು ಬೀಳುವುದು ಬಜಿ. ಬಜಿ ಅಂದರೆ ನಮ್ಮ ಅವಲಕ್ಕಿ, ನೆನೆಸದೆ ಹಾಗೇ. ಆಮೇಲೆ ಕಪ್ಪು ಸೋಯಾ ಕಾಳು, ಶುಂಠಿ, ಸೊಪ್ಪು, ಉದ್ದಿನ ಹಿಟ್ಟಿನ ಚಪ್ಪಟೆ ವಡೆ, ಅದಕ್ಕೆ ಅವರು ವೋ ಅನ್ನುತ್ತಾರೆ, ಮತ್ತೆ ನಾನು ತಿನ್ನದ ಬಗೆಬಗೆಯ ಮಾಂಸ. ಒಬ್ಬ ಹೆಂಗಸು ಹಿತ್ತಾಳೆಯ ಕೊಕ್ಕಿನ ಹೂಜಿ ಹಿಡಿದು, ಮೊಣಕೈ ಎತ್ತರದಿಂದ ಪುಟ್ಟ ಬಟ್ಟಲಿಗೆ ಐಲಾ ಸುರಿಯುತ್ತಾ ಬರುತ್ತಿದ್ದರು. ಮನೆಯಲ್ಲೇ ಇಳಿಸಿದ ಅಕ್ಕಿ ಸಾರಾಯಿ. ದಾರದಂತೆ ಇಳಿಯುತ್ತಿತ್ತು, ಒಂದು ಹನಿ ಹೊರಗೆ ಬೀಳಲಿಲ್ಲ. ಎಂಥ ಶಾಟ್ ಅಲ್ವಾ! ನಾನು ಫೋನ್ ತೆಗೆದು ಎದ್ದು ನಿಂತೆ.

ಪಕ್ಕದಲ್ಲಿದ್ದ ಮುದುಕರು ಏನೂ ಮಾತಾಡಲಿಲ್ಲ. ನನ್ನ ಶರ್ಟಿನ ತುದಿ ಹಿಡಿದು ಕೆಳಕ್ಕೆ ಎಳೆದರು. ಕೂತೆ. ಸಾಲಿನಲ್ಲಿ ಹಿರಿಯರು ಏಳುವ ತನಕ ಯಾರೂ ಏಳಬಾರದು, ನಮ್ಮ ಪಂಕ್ತಿಯಲ್ಲೂ ಹಾಗೇ ತಾನೇ? ಊರಲ್ಲಾಗಿದ್ದರೆ ನಾನು ಏಳುತ್ತಿರಲಿಲ್ಲ. ಹೊರಗಿನ ಊರಿಗೆ ಬಂದ ತಕ್ಷಣ ಮನೆಯಲ್ಲಿ ಕಲಿತ ಮರ್ಯಾದೆಯನ್ನೆಲ್ಲ ಬ್ಯಾಗಿಗೆ ತುಂಬಿಟ್ಟು ಬರುತ್ತೇವೆ ನಾವು.

ಇದಕ್ಕೂ ಮೊದಲು ಸಗಂ ಆಗಿತ್ತು. ಶುಭ ಹಾರೈಸಿ ಕೊಡುವುದು: ಬೇಯಿಸಿದ ಮೊಟ್ಟೆ, ಮೀನು, ಮಾಂಸ, ವೋ, ಐಲಾ. ನಾನೋ ಪುಳಿಚಾರು. ಬೇಡ ಅಂದರೆ ಆಶೀರ್ವಾದವನ್ನೇ ಬೇಡ ಅಂದ ಹಾಗೆ, ತಗೊಂಡರೆ ಮೊಟ್ಟೆಯನ್ನು ಏನು ಮಾಡಲಿ? ಗೆಳೆಯನ ಚಿಕ್ಕಮ್ಮ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು, ಕೈಯಲ್ಲಿ ಹಿಡಿ, ಹಣೆಗೆ ಮುಟ್ಟಿಸು, ವಾಪಸ್ ಕೊಡು ಅಂತ ಸನ್ನೆ ಮಾಡಿದರು. ಅಷ್ಟೇ ವಿಷಯ. ಐಲಾ ಕುಡಿದೆಯಾ ಅಂತ ಕಾಮೆಂಟಲ್ಲಿ ಕೇಳಬೇಡಿ, ನಮ್ಮಮ್ಮ ಈ ಚಾನೆಲ್ ನೋಡುತ್ತಾರೆ.

ಊಟ ಮುಗಿದ ಮೇಲೆ ಕುತೂಹಲಕ್ಕೆ, ಮೇಲಿನ ಮಹಡಿಯ ದೇವರ ಕೋಣೆ ನೋಡಬಹುದಾ ಅಂತ ಕೇಳಿದೆ. ಆಗಂ ಅನ್ನುತ್ತಾರೆ, ಕುಲದ ಗುಟ್ಟಿನ ದೇವರು. ಇಲ್ಲ ಅಂದರು. ಗೆಳೆಯ ನಕ್ಕ, ದೀಕ್ಷೆ ಆಗದ ಕಾರಣ ಅವನಿಗೇ ಒಳಗೆ ಬಿಡುವುದಿಲ್ಲವಂತೆ. ನನಗೆ ಒಂಚೂರೂ ಬೇಜಾರಾಗಲಿಲ್ಲ, ಸಮಾಧಾನವೇ ಆಯಿತು. ಎಲ್ಲವನ್ನೂ ತೋರಿಸಿಬಿಡುವ ಊರಿನಲ್ಲಿ ಏನೂ ಉಳಿದಿರುವುದಿಲ್ಲ.

ಇದನ್ನೆಲ್ಲ ನಡೆಸುವುದು ಯಾರು ಅಂತ ಕೇಳಿದರೆ ಉತ್ತರ ಗುಠಿ. ಒಂದು ಕುಲದ ಅಥವಾ ಒಂದು ಕೇರಿಯ ಮನೆಗಳು ಸೇರಿ ಮಾಡಿಕೊಂಡ ಕೂಟ. ದೇವರ ಪೂಜೆಗೆ ಒಂದು ಗುಠಿ, ಹೆಣ ಹೊರಲು ಒಂದು ಗುಠಿ, ಭಜನೆಗೆ ಒಂದು. ಹಿಂದಿನವರು ಬಿಟ್ಟ ಜಮೀನಿನ ಹುಟ್ಟುವಳಿಯಲ್ಲಿ ಎಷ್ಟೋ ಗುಠಿಗಳು ನಡೆಯುತ್ತವೆ. ಕೆಲಸಕ್ಕೆ ಸರದಿ ಇರುತ್ತದೆ, ಅದಕ್ಕೆ ಪಾಲಾ ಅನ್ನುತ್ತಾರೆ, ನನಗೆ ನಮ್ಮ ಪಾಳಿ ನೆನಪಾಯಿತು. ಪಾಟನ್‌ನ ಕ್ವಾ ಬಹಾ, ಪ್ರವಾಸಿಗರು ಗೋಲ್ಡನ್ ಟೆಂಪಲ್ ಅನ್ನುವ ಜಾಗ, ಅಲ್ಲಿ ಮುಖ್ಯ ಪೂಜೆ ಮಾಡುವವನು 12 ವರ್ಷ ತುಂಬದ ಹುಡುಗ. 30 ದಿನ ಅವನ ಪಾಳಿ, ಆಮೇಲೆ ಇನ್ನೊಬ್ಬ. ಅಂಗಳದಲ್ಲಿ ಆಮೆಗಳು ಓಡಾಡಿಕೊಂಡಿರುತ್ತವೆ, ಹುಡುಗ ಅವನ್ನೇ ನೋಡುತ್ತಿರುತ್ತಾನೆ. ಪಾಪ.

2015ರ ಏಪ್ರಿಲ್ 25ರ ಭೂಕಂಪದಲ್ಲಿ ಪಾಟನ್ ದರ್ಬಾರ್ ಚೌಕದ ಚಾರ್ ನಾರಾಯಣ ಗುಡಿ, ಹರಿಶಂಕರ ಗುಡಿ ನೆಲಕ್ಕೆ ಬಿದ್ದವು. ಆ ಕೆತ್ತನೆ ಕಂಬಗಳನ್ನು ಎತ್ತಿ ಜೋಪಾನ ಮಾಡಲು ಊರವರೇ ಓಡಿ ಬಂದಿದ್ದರು. 2019ರಲ್ಲಿ ಗುಠಿಗಳನ್ನೆಲ್ಲ ಸರ್ಕಾರದ ಕೈಕೆಳಗೆ ತರುವ ಮಸೂದೆ ಬಂದಾಗ ಕಠ್ಮಂಡುವಿನ ಬೀದಿ ತುಂಬಿ ಹೋಯಿತು, ಜನ ಧಿಮೆ ಬಾರಿಸಿಕೊಂಡೇ ಬಂದರು, ಮಸೂದೆ ವಾಪಸ್ಸಾಯಿತು. ದೇವಸ್ಥಾನ ನಮ್ಮದು ಅನ್ನುವ ಮಾತು ನಮ್ಮಲ್ಲೂ ಜೋರಾಗಿದೆ. ಆದರೆ ನಿಮ್ಮೂರ ಗುಡಿಯಲ್ಲಿ ಈ ವರ್ಷ ನಿಮ್ಮ ಪಾಲಿನ ಕೆಲಸ ಏನು ಅಂತ ಕೇಳಿದರೆ ನನ್ನ ಹತ್ತಿರವಂತೂ ಉತ್ತರ ಇಲ್ಲ. ಹುಂಡಿ, ಸೇವಾ ಚೀಟಿ, ಆನ್‌ಲೈನ್ ಬುಕಿಂಗ್, ಇಷ್ಟೇ ನನ್ನ ಸಂಬಂಧ.

ಎಲ್ಲ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಗುಠಿ ನಡೆಯುವುದು ಜಾತಿ ಮೇಲೆ, ಅದನ್ನು ಮರೆಮಾಚಬೇಕಿಲ್ಲ. ಇಹಿ ಅಂತ ಒಂದು ಶಾಸ್ತ್ರ ಇದೆ, ಚಿಕ್ಕ ಹುಡುಗಿಯರಿಗೆ ಬಿಲ್ವದ ಕಾಯಿ ಇಟ್ಟು ದೇವರ ಜೊತೆ ಮದುವೆ. ಆ ಗಂಡನಿಗೆ ಸಾವಿಲ್ಲ, ಹಾಗಾಗಿ ಮುಂದೆ ಮನುಷ್ಯ ಗಂಡ ಸತ್ತರೂ ಅವಳು ವಿಧವೆ ಅಲ್ಲ. ಇದನ್ನು ಹಿಡಿದುಕೊಂಡು "ಜಗತ್ತಿನ ಮೊದಲ ಸ್ತ್ರೀವಾದ" ಅಂತ ವಿಡಿಯೋ ಮಾಡುವವರಿದ್ದಾರೆ. ಸ್ವಲ್ಪ ತಾಳಿ. ಅದೇ ಹುಡುಗಿಗೆ ಋತುಮತಿಯಾಗುವ ಮುಂಚೆ ಬರ್ಹಾ ಅಂತ ಇನ್ನೊಂದಿದೆ. 12 ದಿನ ಕತ್ತಲೆ ಕೋಣೆ, ಬಿಸಿಲು ಕಾಣಬಾರದು, ಗಂಡಸರ ಮುಖ ನೋಡಬಾರದು, ಕೊನೆಯ ದಿನ ಸೂರ್ಯನ ಜೊತೆ ಮದುವೆ. ಗೆಳೆಯನ ತಂಗಿಯನ್ನು ಕೇಳಿದೆ, ಹೇಗಿತ್ತು ಅಂತ. ಅಕ್ಕತಂಗಿಯರ ಜೊತೆ ಇಸ್ಪೀಟು ಆಡಿದ್ದು ಮಜಾ ಇತ್ತು, ಹೋಮ್‌ವರ್ಕ್ ಇರಲಿಲ್ಲ, ನನ್ನ ಮಗಳಿಗೆ ಮಾತ್ರ ಮಾಡಿಸಲ್ಲ ಅಂದಳು. ಮೂರೂ ಒಂದೇ ಉಸಿರಲ್ಲಿ. ಅವಳ ಹತ್ತಿರ ಈ ಮೂರು ಮಾತು ಇರುವಾಗ ನಾನು ಯಾಕೆ ಒಂದೇ ಮಾತಿನ ತೀರ್ಪು ಕೊಡಲಿ?

ನೀವು ಹೋದರೆ ನಿಮ್ಮನ್ನು ಯಾರು ಕರೆಯುತ್ತಾರೆ ಅಂತ ಕೇಳಬಹುದು. ಕರೆಯದಿದ್ದರೂ ಪರವಾಗಿಲ್ಲ. ಪಾಟನ್‌ನಲ್ಲಿ ಎರಡು ದಿನ ಜಾಸ್ತಿ ಇರಿ. ಸಂಜೆ ಯಾವುದಾದರೂ ಫಲ್ಚಾ ಪಕ್ಕ ಕೂತುಕೊಳ್ಳಿ. ಫಲ್ಚಾ ಅಂದರೆ ದಾರಿ ಬದಿಯ ಜಗಲಿ, ಮುದುಕರು ಅಲ್ಲಿ ಕೂತು ಭಜನೆ ಹಾಡುತ್ತಾರೆ, ಶ್ರುತಿ ಆಗಾಗ ತಪ್ಪುತ್ತದೆ, ಯಾರಿಗೂ ಅದರ ಚಿಂತೆ ಇಲ್ಲ. ದುಡ್ಡು ಕೊಟ್ಟು ಯಾರದೋ ಮನೆಯ ಶಾಸ್ತ್ರಕ್ಕೆ ನುಗ್ಗುವ "ಎಕ್ಸ್‌ಪೀರಿಯನ್ಸ್" ಪ್ಯಾಕೇಜ್ ಮಾತ್ರ ಬೇಡ. ನಿಮ್ಮ ಮನೆಯ ನಾಮಕರಣಕ್ಕೆ ಟಿಕೆಟ್ ಮಾರಿದರೆ ಹೇಗಿರುತ್ತದೆ ಹೇಳಿ.

ಅಜಿಗೆ ಮುಂದಿನ ಜಂಕು 83 ವರ್ಷ 4 ತಿಂಗಳಿಗೆ. ತಿಂಗಳ ಲೆಕ್ಕ ಹಾಕಿ ನೋಡಿ, ಸರಿಯಾಗಿ ಸಾವಿರ ಬರುತ್ತದೆ. ಇನ್ನೂ ಐದೂಮುಕ್ಕಾಲು ವರ್ಷ ಇದೆ, ಆದರೆ ಆ ಮನೆಯಲ್ಲಿ ಈಗಲೇ ಕೆಲಸ ಹಂಚಿ ಆಗಿದೆ. ನನಗೂ ಒಂದು ಸಿಕ್ಕಿದೆ, ನೀರು ಕೊಡುವುದು. ಬಜಿ ಬಡಿಸುತ್ತೇನೆ ಅಂದೆ. ಶರ್ಟ್ ಎಳೆದಿದ್ದರಲ್ಲ, ಆ ಮುದುಕರು ಬೇಡ ಅಂದರು. ನಡುವೆ ನಿಂತು ಫೋಟೋ ತೆಗೆಯುತ್ತಾನೆ ಇವನು, ಅಂತ.