ರಿಟರ್ನ್ ಲೋಡ್ ಏನು?

ಬೆಳಗಿನ ಜಾವ ಐದೂವರೆ. ಕೋಲಾರದಲ್ಲಿ ನಮ್ಮ ಮನೆ ತಾರಸಿ. ವಿಡಿಯೊ ಅಲ್ಲಾಡುತ್ತಿದೆ ಅಂತ ಬೈಕೋಬೇಡಿ, ಚಳಿಗೆ ಕೈ ನಡುಗುತ್ತಿದೆ. ಅಗೋ ನೋಡಿ, ಶತಶೃಂಗ ಬೆಟ್ಟದ ಕಡೆಯಿಂದ ಒಂದು ಚುಕ್ಕಿ ಎದ್ದು ಬರುತ್ತಿದೆ. ಮಿನುಗುತ್ತಿಲ್ಲ, ಸದ್ದೂ ಇಲ್ಲ. ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗ. ಆ ವೇಗಕ್ಕೆ ಇಲ್ಲಿಂದ ಬೆಂಗಳೂರು ಹತ್ತು ಸೆಕೆಂಡಿನ ದಾರಿ. ನಮಗೆ ಕೆ.ಆರ್. ಪುರದ ಸೇತುವೆ ದಾಟೋಕೇ ಅರ್ಧ ಗಂಟೆ ಬೇಕು, ಅಲ್ವಾ?

ಕೆಳಗೆ ದಡಬಡ ಅಂತ ಕೇಳುತ್ತಿರುವುದು ಚಿಕ್ಕಪ್ಪನ ಗಾಡಿ. ಎಪಿಎಂಸಿಗೆ ಟೊಮ್ಯಾಟೊ ಹೊರಡುತ್ತಿದೆ. ಕೆಳಗಿಳಿದು ಹೋಗಿ ಹೇಳಿದೆ: "ಚಿಕ್ಕಪ್ಪ, ಮೇಲಿರೋ ಬಾಹ್ಯಾಕಾಶ ನಿಲ್ದಾಣಕ್ಕೂ ಲೋಡ್ ಹೋಗುತ್ತೆ. ಡ್ರೈವರ್ ಇಲ್ಲದ ಗಾಡಿಯಲ್ಲಿ."

ಅವರು ಹಗ್ಗ ಬಿಗಿಯುತ್ತಿದ್ದರು. ತಲೆ ಎತ್ತಲಿಲ್ಲ. "ಸರಿ, ರಿಟರ್ನ್ ಲೋಡ್ ಏನು?"

ಇಷ್ಟು ವರ್ಷ ಇದನ್ನೆಲ್ಲ ಓದುತ್ತಿದ್ದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಮೊದಲು ಹೋಗುವ ಲೋಡ್ ಹೇಳಿಬಿಡುತ್ತೇನೆ. ಈ ಗಾಡಿಗಳಲ್ಲಿ ಹಳೆಯದು ರಷ್ಯಾದ ಪ್ರೋಗ್ರೆಸ್. 1978ರ ಜನವರಿಯಲ್ಲಿ ಮೊದಲ ಸಲ, ಆಗಿನ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್ 6ಕ್ಕೆ ಹೋಯಿತು. ಇವತ್ತಿಗೂ ಕಜಕಸ್ತಾನದ ಬೈಕನೂರಿನಿಂದ ಹಾರುತ್ತದೆ. ಒಂದು ಸಲಕ್ಕೆ ಸುಮಾರು ಎರಡೂವರೆ ಟನ್. ಚಿಕ್ಕಪ್ಪನ ಲೆಕ್ಕಕ್ಕೆ ತಂದರೆ, 15 ಕೆಜಿಯ ಕ್ರೇಟ್ 160ಕ್ಕಿಂತ ಜಾಸ್ತಿ. ಊಟ, ನೀರು, ಆಕ್ಸಿಜನ್, ಬಟ್ಟೆ, ಸ್ಪೇರ್ ಪಾರ್ಟ್ಸ್. ಜೊತೆಗೆ ಸೇಬು, ಈರುಳ್ಳಿ, ಬೆಳ್ಳುಳ್ಳಿ. ಇಂಧನವೂ ಹೋಗುತ್ತದೆ. ಗಾಡಿ ನಿಲ್ದಾಣಕ್ಕೆ ಕಚ್ಚಿಕೊಂಡಾಗ ಪೈಪುಗಳೂ ಕೂಡಿಕೊಳ್ಳುತ್ತವೆ. ಅಷ್ಟು ಎತ್ತರದಲ್ಲೂ ಚೂರು ಗಾಳಿ ಇದೆ, ಅದಕ್ಕೆ ಉಜ್ಜಿ ಉಜ್ಜಿ ನಿಲ್ದಾಣ ನಿಧಾನವಾಗಿ ಕೆಳಗೆ ಜಾರುತ್ತದೆ. ಆಗ ಪ್ರೋಗ್ರೆಸ್ ತನ್ನ ಇಂಜಿನ್ ಹಚ್ಚಿ ಇಡೀ ನಿಲ್ದಾಣವನ್ನೇ ಮೇಲಕ್ಕೆ ತಳ್ಳುತ್ತದೆ. ಲೋಡ್ ಇಳಿಸಲು ಬಂದ ಗಾಡಿ ಗೋಡೌನನ್ನೇ ತಳ್ಳಿದ ಹಾಗೆ!

ಇನ್ನೊಂದು ಮಾತು, ಟೊಮ್ಯಾಟೊ ಊರಿನವನಾಗಿ ಹೇಳದೆ ಇರಲಾರೆ. 2023ರಲ್ಲಿ ಫ್ರಾಂಕ್ ರೂಬಿಯೊ ಅನ್ನುವ ಗಗನಯಾತ್ರಿ ಅಲ್ಲೇ ಬೆಳೆದ ಟೊಮ್ಯಾಟೊ ಕಳೆದುಕೊಂಡ. ತಿಂದುಬಿಟ್ಟೆ ಅಂತ ಜೊತೆಯವರು ರೇಗಿಸಿದರು. ತಿಂಗಳುಗಟ್ಟಲೆ ಆದ ಮೇಲೆ ಒಣಗಿಹೋಗಿದ್ದ ಹಣ್ಣು ಸಿಕ್ಕಿತು. ಪಾಪ.

ಡ್ರೈವರ್ ಇಲ್ಲ ಅಂದೆನಲ್ಲ, ಪ್ರೋಗ್ರೆಸ್ ರೇಡಾರ್ ನೋಡಿಕೊಂಡು ತಾನೇ ಹೋಗಿ ಸೇರುತ್ತದೆ. 2018ರ ಜುಲೈನಲ್ಲಿ ಒಂದು ಪ್ರೋಗ್ರೆಸ್ ನಾಲ್ಕು ಗಂಟೆಯೊಳಗೇ ತಲುಪಿತ್ತು. ಮುಟ್ಟುವಾಗ ಮಾತ್ರ ಮೆಲ್ಲಗೆ, ಮಗು ಅಂಬೆಗಾಲಿಟ್ಟ ಹಾಗೆ. ಮೆಲ್ಲಗೆ ಆಗದಿದ್ದರೆ? 1997ರ ಜೂನ್ 25ರಂದು ರಷ್ಯಾದ ಹಳೆಯ ಮೀರ್ ನಿಲ್ದಾಣದಲ್ಲಿ ಅದೇ ಆಯಿತು. ಆವತ್ತು ಆಟೊಮ್ಯಾಟಿಕ್ ಬಿಟ್ಟು, ನಿಲ್ದಾಣದ ಒಳಗಿನಿಂದ ಟಿವಿ ನೋಡಿಕೊಂಡು ಪ್ರೋಗ್ರೆಸ್ ಅನ್ನು ಕೈಯಲ್ಲೇ ಓಡಿಸುವ ಪರೀಕ್ಷೆ. ವೇಗ ಹಿಡಿತಕ್ಕೆ ಸಿಗಲಿಲ್ಲ. ಸ್ಪೆಕ್ಟರ್ ಅನ್ನುವ ಭಾಗಕ್ಕೆ ಗುದ್ದಿ ತೂತಾಯಿತು, ಗಾಳಿ ಸೋರತೊಡಗಿತು. ಒಳಗಿದ್ದದ್ದು ಮೂವರು. ಬಾಗಿಲಿಗೆ ಅಡ್ಡ ಇದ್ದ ಕೇಬಲ್ಲುಗಳನ್ನು ಕಿತ್ತು, ಕತ್ತರಿಸಿ, ಆ ಭಾಗವನ್ನು ಮುಚ್ಚಿ ಬದುಕಿಕೊಂಡರು.

"ರಿವರ್ಸ್ ತೆಗೆಯುವಾಗ ಹಿಂದೆ ಒಬ್ಬ ನಿಂತಿರಬೇಕು ಕಣೋ" ಅಂದರು ಚಿಕ್ಕಪ್ಪ. ಅವರ ಗಾಡಿಯ ಹಿಂದಿನ ಲೈಟ್ ಒಡೆದು ಎರಡು ತಿಂಗಳಾಯಿತು. ನಾನು ಸುಮ್ನಿದ್ದೆ.

ಈಗ ರಿಟರ್ನ್ ಲೋಡ್. ಕಸ! ಖಾಲಿ ಪ್ಯಾಕೆಟ್, ಕೆಟ್ಟ ಸಾಮಾನು, ಟಾಯ್ಲೆಟ್ ಡಬ್ಬ, ಕೊಳೆ ಬಟ್ಟೆ. ಅಲ್ಲಿ ಬಟ್ಟೆ ಒಗೆಯಲ್ಲ. ಹಾಕಿ ಹಾಕಿ ಸಾಕಾದ ಮೇಲೆ ಬಿಸಾಡುವುದೇ. ತಿಂಗಳುಗಟ್ಟಲೆ ಅದನ್ನೆಲ್ಲ ತುಂಬಿಸಿಕೊಂಡ ಪ್ರೋಗ್ರೆಸ್ ಕಳಚಿಕೊಂಡು ವಾತಾವರಣಕ್ಕೆ ಇಳಿಯುತ್ತದೆ, ಉರಿದುಹೋಗುತ್ತದೆ. ಉಳಿದ ಚೂರುಗಳು ಜನ ಇಲ್ಲದ ದಕ್ಷಿಣ ಪೆಸಿಫಿಕ್ ಸಾಗರದಲ್ಲಿ ಬೀಳುತ್ತವೆ. ಲೋಡ್ ಗಾಡಿಗಳಲ್ಲಿ ಅಮೆರಿಕದ ಡ್ರ್ಯಾಗನ್ ಮಾತ್ರ ಪ್ರಯೋಗದ ಸ್ಯಾಂಪಲ್ ಹೊತ್ತು ಸಮುದ್ರಕ್ಕಿಳಿದು ವಾಪಸ್ ಬರುತ್ತದೆ.

"ಗಾಡೀನೇ ಸುಟ್ಟುಬಿಡ್ತಾರಾ?"

"ಹೂಂ ಚಿಕ್ಕಪ್ಪ. ಒಂದೇ ಟ್ರಿಪ್."

ಅವರು ಸೀಟಿಗೆ ಹತ್ತಿ ಕೂತರು. ಸ್ವಲ್ಪ ಹೊತ್ತು ಯೋಚಿಸಿದರು. "ಎಫ್‌ಸಿ ಮಾಡಿಸೋ ತಲೆನೋವಿಲ್ಲ ಬಿಡು" ಅಂದು ಸೆಲ್ಫ್ ಹೊಡೆದರು. ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು.