ಪ್ಲಗ್ ಕಿತ್ತ ಮೇಲೂ ಟ್ಯಾಂಕಿನಲ್ಲಿ ನೀರಿದೆ

(ಶಿವಮೊಗ್ಗದಲ್ಲಿ ಐಟಿಐ ವಿದ್ಯಾರ್ಥಿಗಳು ಮತ್ತು ಗುಜರಿ ಕೆಲಸಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹಿಂದೆ ಗೋಡೆಗೆ ಒರಗಿ ನಿಂತಿರುವ ಗುಜರಿ ಅಂಗಡಿಯ ಅಣ್ಣಂದಿರಿಗೆ ಇನ್ನೊಂದು ಸಲ ನಮಸ್ಕಾರ. ನೀವು ಕೆಲಸ ಬಿಟ್ಟು ಬಂದಿರಲ್ಲ, ನನಗೆ ಬಹಳ ಸಂತೋಷ. ಈ ಹುಡುಗರು ವರ್ಷಕ್ಕೆ ಒಂದು ಮೈಕ್ರೋವೇವ್ ಓವನ್ ಬಿಚ್ಚಬಹುದು. ನೀವು ವಾರಕ್ಕೆ ಹತ್ತು ಬಿಚ್ಚುತ್ತೀರಿ. ಮುಂದೆ ಕುರ್ಚಿ ಖಾಲಿ ಇದೆ, ದಯವಿಟ್ಟು ಬನ್ನಿ. ಹುಡುಗರೇ, ಸ್ವಲ್ಪ ಸರಿದು ಕೂತುಕೊಳ್ಳಿ.

ನಾನು ಇಲ್ಲಿ ಬಂದು ಮಾತಾಡಲು ಒಪ್ಪಿಕೊಂಡಿದ್ದಕ್ಕೆ ಒಂದು ಕಾರಣವಿದೆ. ಕಳೆದ ತಿಂಗಳು ಒಬ್ಬ ಹುಡುಗ ನನ್ನ ಅಂಗಡಿಗೆ ಬಂದ. ಇಪ್ಪತ್ತು ವರ್ಷ ಇರಬಹುದು. "ಅಂಕಲ್, ಹಳೇ ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಇದ್ರೆ ಕೊಡಿ" ಅಂದ. ಯಾಕಪ್ಪಾ ಅಂತ ಕೇಳಿದೆ. ಹಲಗೆ ಮೇಲೆ ಉಪ್ಪು ನೀರೋ ಸೋಡಾ ನೀರೋ ಸವರಿ ಕರೆಂಟ್ ಕೊಟ್ಟರೆ ಮಿಂಚಿನ ಹಾಗೆ ಕವಲು ಕವಲಾಗಿ ಸುಡುತ್ತದೆ, ಅದರಲ್ಲಿ ಗಡಿಯಾರ ಮಾಡಿ ಮಾರುತ್ತೇನೆ ಅಂದ. ವಿಡಿಯೋನೂ ತೋರಿಸಿದ. ಚೆನ್ನಾಗಿಯೇ ಇತ್ತು. ನಾನು ಕೊಡಲಿಲ್ಲ. "ಹುಷಾರಾಗಿ ಮಾಡ್ತೀನಿ ಅಂಕಲ್, ಚಪ್ಪಲಿ ಹಾಕ್ಕೋತೀನಿ" ಅಂದ. ಆ ಚಪ್ಪಲಿ ಮಾತು ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹುಷಾರು ಅನ್ನುವ ಪದವನ್ನು ನಾವು ಮಕ್ಕಳಿಗೆ ಸುಮ್ನೆ ಕೊಟ್ಟು ಕಳಿಸುತ್ತೇವೆ. ಎಲ್ಲಿ ಹುಷಾರು? ಯಾವುದರಿಂದ ಹುಷಾರು? ಎಷ್ಟು ಹೊತ್ತು ಹುಷಾರು? ಇದನ್ನು ಹೇಳದಿದ್ದರೆ ಆ ಪದಕ್ಕೆ ಏನೂ ಬೆಲೆ ಇಲ್ಲ. ಇವತ್ತು ಆ ಮೂರು ಪ್ರಶ್ನೆಗೆ ಉತ್ತರ ಹೇಳೋಣ ಅಂತ ಬಂದಿದ್ದೇನೆ.

ಮೊದಲು ಒಂದು ಮನೆ ವಿಷಯ. ನಿಮ್ಮ ಮನೆಯಲ್ಲಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟರ್ ಹಾಕಿ ನೀರು ಏರಿಸುತ್ತೀರಿ. ಆಮೇಲೆ ಮೋಟರ್ ಆಫ್ ಮಾಡುತ್ತೀರಿ. ನಲ್ಲಿ ತಿರುಗಿಸಿದರೆ ನೀರು ಬರುತ್ತದೋ ಇಲ್ಲವೋ? ಬರುತ್ತದೆ ಅಲ್ವಾ? ಮೋಟರ್ ಆಫ್ ಆಗಿದೆ, ಟ್ಯಾಂಕ್ ತುಂಬಿದೆ. ಓವನ್ನಿನ ಪ್ಲಗ್ ಕೀಳುವುದು ಅಂದರೆ ಮೋಟರ್ ಆಫ್ ಮಾಡಿದ ಹಾಗೆ, ಅಷ್ಟೇ. ಒಳಗೆ ಒಂದು ಟ್ಯಾಂಕ್ ಇದೆ. ಅದೇ ಕೆಪಾಸಿಟರ್. ನಮ್ಮ ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಕಂಡೆನ್ಸರ್.

ಮೈಕ್ರೋವೇವ್ ಒಳಗೆ ಏನಾಗುತ್ತದೆ ನೋಡಿ. ಗೋಡೆಯಿಂದ 230 ವೋಲ್ಟ್ ಬರುತ್ತದೆ. ದಪ್ಪ ಟ್ರಾನ್ಸ್‌ಫಾರ್ಮರ್ ಅದನ್ನು ಸುಮಾರು 2000 ವೋಲ್ಟಿಗೆ ಏರಿಸುತ್ತದೆ. ಒಂದು ಡಯೋಡು, ಒಂದು ಕೆಪಾಸಿಟರ್ ಸೇರಿ ಅದನ್ನು 4000 ವೋಲ್ಟಿನ ಹತ್ತಿರ ತಂದು, ಅಡುಗೆ ಬಿಸಿ ಮಾಡುವ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್‌ಗೆ ಕೊಡುತ್ತವೆ. ಕೆಪಾಸಿಟರ್ ನೋಡಲು ಚಪ್ಪಟೆ ತಗಡಿನ ಡಬ್ಬಿ. ಅಳತೆ ಸುಮಾರು 1 ಮೈಕ್ರೋಫ್ಯಾರಡ್. ಅದರಲ್ಲಿ ಉಳಿಯುವುದು 2800 ವೋಲ್ಟಿನ ಆಸುಪಾಸು. ಶಕ್ತಿಯ ಲೆಕ್ಕ ಹಾಕಿದರೆ ಸುಮಾರು 4 ಜೂಲ್. ಒಂದು ಕಿಲೋ ಬೆಲ್ಲದ ಅಚ್ಚು ಮೊಣಕಾಲಿನ ಎತ್ತರದಿಂದ ಬಿದ್ದರೆ ಅಷ್ಟೇ. ಇಷ್ಟೇನಾ ಅನ್ನಿಸುತ್ತದೆ. ಆದರೆ ಬೆಲ್ಲ ಬೀಳುವುದು ಕಾಲಿನ ಮೇಲೆ. ಇದು ಎಡಗೈಯಿಂದ ಬಲಗೈಗೆ, ಎದೆಯ ನಡುವಿನಿಂದ ಹೋಗುತ್ತದೆ.

ಒಬ್ಬರು ಅಲ್ಲಿ ಕೈ ಎತ್ತಿದ್ದಾರೆ. ಹೇಳಿ ಅಣ್ಣ. ಹೌದು, ಒಳ್ಳೆ ಪ್ರಶ್ನೆ. ಆ ಡಬ್ಬಿಯೊಳಗೇ ಕರೆಂಟ್ ಇಳಿಸಲು ರೆಸಿಸ್ಟರ್ ಇಟ್ಟಿರುತ್ತಾರಲ್ಲ, ಒಂದು ನಿಮಿಷ ಕಾದರೆ ಸಾಕಲ್ವಾ ಅಂತ ಕೇಳುತ್ತಿದ್ದಾರೆ. ನಿಜ. ಸಾಮಾನ್ಯವಾಗಿ 10 ಮೆಗಾ ಓಮ್‌ನದ್ದು ಇರುತ್ತದೆ. ಅದು ಟ್ಯಾಂಕಿನ ಸಣ್ಣ ಸೋರಿಕೆ ಇದ್ದ ಹಾಗೆ. ಸರಿಯಾಗಿದ್ದರೆ ಒಂದು ನಿಮಿಷದಲ್ಲಿ ಟ್ಯಾಂಕ್ ಹೆಚ್ಚುಕಡಿಮೆ ಖಾಲಿ. ಆದರೆ ಆ ತೂತಿಗೆ ಪಾಚಿ ಕಟ್ಟಿಕೊಂಡರೆ? ರೆಸಿಸ್ಟರ್ ಒಳಗೇ ಸುಟ್ಟು ಹೋಗಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಗುಜರಿಗೆ ಬರುವುದು ಕೆಟ್ಟ ಓವನ್ ಅಲ್ವಾ? ಏನು ಕೆಟ್ಟಿದೆ ಅಂತ ನಿಮಗೆ ಗೊತ್ತಾ? ಅದಕ್ಕೇ ನಾನು ಕಾಯುತ್ತೇನೆ, ಐದು ನಿಮಿಷ ಕಾಯುತ್ತೇನೆ, ಆಮೇಲೂ ನಂಬುವುದಿಲ್ಲ.

ಯಾಕೆ ನಂಬುವುದಿಲ್ಲ ಅಂತ ಹೇಳಬೇಕಾದರೆ 1992ಕ್ಕೆ ಹೋಗಬೇಕು. ಆಗ ನನಗೆ ಹದಿನೇಳು. ಎಸ್ಸೆಸ್ಸೆಲ್ಸಿ ಮುಗಿಸಿ ಗಾಂಧಿ ಬಜಾರಿನ ಹತ್ತಿರ ಒಂದು ಟಿವಿ ರಿಪೇರಿ ಅಂಗಡಿಗೆ ಸೇರಿದ್ದೆ. ನಮ್ಮ ಮೇಷ್ಟ್ರು ಹೆಚ್ಚು ಮಾತಾಡುತ್ತಿರಲಿಲ್ಲ. ಕಿವಿ ಮೇಲೆ ಪೆನ್ಸಿಲ್, ಹೆಗಲ ಮೇಲೆ ಟವೆಲ್. ಆ ಟವೆಲ್ ಈ ಕಥೆಯಲ್ಲಿ ಮುಖ್ಯ, ನೆನಪಿಟ್ಟುಕೊಳ್ಳಿ. ಒಂದು ಶನಿವಾರ 21 ಇಂಚಿನ ಕಲರ್ ಟಿವಿ ಬಂತು. ಭಾನುವಾರ ಬೆಳಗ್ಗೆ ಧಾರಾವಾಹಿ ಹೊತ್ತಿಗೆ ಬೇಕೇ ಬೇಕು ಅಂತ ಮನೆಯವರು ಹಟ ಹಿಡಿದಿದ್ದರು. ಆಗ ಒಂದು ಟಿವಿ ಅಂದರೆ ಇಡೀ ಬೀದಿಯ ಟಿವಿ.

ಪಿಕ್ಚರ್ ಟ್ಯೂಬ್ ಬಿಚ್ಚು ಅಂದರು ಮೇಷ್ಟ್ರು. ಕಲರ್ ಟ್ಯೂಬಿಗೆ ಹೋಗುವ ಅತಿ ಹೆಚ್ಚು ವೋಲ್ಟೇಜಿನ, ಅಂದರೆ ಇಎಚ್‌ಟಿ ವೈರಿನಲ್ಲಿ 25,000 ವೋಲ್ಟಿನಷ್ಟು ಇರುತ್ತದೆ. ಟ್ಯೂಬಿನ ಗಾಜಿನ ಒಳಗೂ ಹೊರಗೂ ಕಪ್ಪು ಲೇಪನ ಇರುವುದರಿಂದ ಟ್ಯೂಬೇ ಒಂದು ದೊಡ್ಡ ಕೆಪಾಸಿಟರ್. ಇದೆಲ್ಲ ನನಗೆ ಅವರು ಹೇಳಿಕೊಟ್ಟಿದ್ದರು. ಟ್ಯೂಬಿನ ಹಿಂದೆ ಹೊರ ಲೇಪನದ ಮೇಲೆ ಹಾದು ಹೋಗುವ ಬರಿ ತಂತಿಗೆ ವೈರ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ಕ್ರೂಡ್ರೈವರ್‌ಗೆ ಸುತ್ತಿ, ಆ ದಪ್ಪ ವೈರ್ ಟ್ಯೂಬಿಗೆ ಸೇರುವ ಕಡೆ ಇರುವ ರಬ್ಬರ್ ಕ್ಯಾಪಿನ ಕೆಳಗೆ ತೂರಿಸಿದೆ. ಚಟ್ ಅಂತ ಕಿಡಿ ಬಂತು. ಸರಿ, ಕೆಲಸ ಆಯಿತು ಅಂದುಕೊಂಡೆ.

ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ಕಾಫಿ ಬಂತು. ಬೈಟೂ ಕಾಫಿ, ಜೊತೆಗೆ ಪೇಪರಿನ ಆಟದ ಪುಟ. ಇಪ್ಪತ್ತು ನಿಮಿಷ ಹೋಯಿತು. ವಾಪಸ್ ಬಂದು ಬಲಗೈ ಬೆರಳಿನಲ್ಲಿ ಕ್ಯಾಪ್ ಎತ್ತಿದೆ. ಎಡಗೈ ಚಾಸಿಯ, ಅಂದರೆ ಒಳಗಿನ ತಗಡಿನ ಚೌಕಟ್ಟಿನ, ಅಂಚಿನ ಮೇಲಿತ್ತು. ಯಾರೋ ಎರಡೂ ತೋಳಿಗೆ ಒನಕೆಯಿಂದ ಹೊಡೆದ ಹಾಗಾಯಿತು. ತೋಳು ತಾನಾಗಿಯೇ ಹಿಂದಕ್ಕೆ ಎಗರಿ ಮೊಣಕೈ ಕಬ್ಬಿಣದ ರ‍್ಯಾಕಿಗೆ ಬಡಿಯಿತು. ಅಂಗೈ ಚಾಸಿಯ ತಗಡಿಗೆ ಕೊಯ್ದುಕೊಂಡಿತು. ಮೂರು ಹೊಲಿಗೆ. ಇಲ್ಲಿ ನೋಡಿ, ಗುರುತು ಇನ್ನೂ ಇದೆ.

ಪ್ಲಗ್ ಕಿತ್ತಿತ್ತು. ಡಿಸ್‌ಚಾರ್ಜ್ ಕೂಡ ಮಾಡಿದ್ದೆ. ಹಾಗಾದರೆ ಎಲ್ಲಿಂದ ಬಂತು? ಮೇಷ್ಟ್ರು ಆಸ್ಪತ್ರೆಯಿಂದ ಬರುವಾಗ ದಾರಿಯಲ್ಲಿ ಹೇಳಿದರು. ಒದ್ದೆ ಬಟ್ಟೆ ಹಿಂಡಿ ಪಕ್ಕಕ್ಕೆ ಇಡು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಂಡು, ಇನ್ನೂ ನೀರು ಬರುತ್ತದೆ ಅಲ್ವಾ? ಗಾಜೂ ಹಾಗೇ. ಒಳಗೆ ಹೀರಿಕೊಂಡಿದ್ದು ನಿಧಾನವಾಗಿ ಮೇಲೆ ಬರುತ್ತದೆ. ಒಂದು ಸಲ ಹಿಂಡಿ ಕಾಫಿಗೆ ಹೋಗಬಾರದು. ಎರಡು ಸಲ, ಮೂರು ಸಲ ಹಿಂಡಬೇಕು.

ಬೈಯಲಿಲ್ಲ. ಸೋಮವಾರ ಅಂಗಡಿಗೆ ಹೋದೆ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿಬಿಟ್ಟರು! "ಒಂದು ವಾರ ಒಂದೇ ಕೈಯಲ್ಲಿ ಕೆಲಸ ಮಾಡೋ" ಅಂದರು. ಬಂದ ಗಿರಾಕಿಗಳೆಲ್ಲ ನಗುತ್ತಿದ್ದರು. ಕೈ ಮುರಿಯಿತಾ ಅಂತ ಕೇಳಿದರೆ ಮೇಷ್ಟ್ರು, "ಇಲ್ಲ, ರಿಪೇರಿ ಮಾಡ್ತಾ ಇದೀನಿ" ಅನ್ನುತ್ತಿದ್ದರು. ಶನಿವಾರ ಬಿಚ್ಚಿದರು. ಆಮೇಲೆ ನನ್ನ ಎಡಗೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಮೂವತ್ತು ವರ್ಷದ ಮೇಲಾಯಿತು, ನಾನಿನ್ನೂ ಬದುಕಿರುವುದು ಆ ಟವೆಲಿನಿಂದ ಅಂತ ನಾನು ನಂಬಿದ್ದೇನೆ.

ಹಾಗಾಗಿ ಓವನ್ ಬಿಚ್ಚುವ ಕ್ರಮ ಹೇಳುತ್ತೇನೆ. ಪ್ಲಗ್ ಕಿತ್ತು ಕಣ್ಣೆದುರಿಗೆ ಮೇಜಿನ ಮೇಲೆ ಇಡಿ, ಯಾರೋ ಬಂದು ಸಿಕ್ಕಿಸಬಾರದು. ಉಂಗುರ, ವಾಚು, ಬಳೆ, ಕತ್ತಿನ ಸರ ತೆಗೆಯಿರಿ. ನೆಲ ಒಣಗಿರಲಿ. ನಮ್ಮೂರ ಮಳೆಗಾಲ ನಿಮಗೇ ಗೊತ್ತು. ಹೊರ ಕವಚ ತೆಗೆದ ಮೇಲೆ ಮೊದಲು ಕೈ ಅಲ್ಲ, ಕಣ್ಣು ಒಳಗೆ ಹೋಗಲಿ. ಡಬ್ಬಿ ಎಲ್ಲಿದೆ, ಅದರ ಎರಡು ಟರ್ಮಿನಲ್ ಎಲ್ಲಿವೆ ಹುಡುಕಿ. ಎಡಗೈ ಜೇಬಿನಲ್ಲಿ. ದಪ್ಪ ಹಿಡಿಯ, ಒಳ್ಳೆ ಇನ್ಸುಲೇಶನ್ ಇರುವ ಉದ್ದ ಸ್ಕ್ರೂಡ್ರೈವರಿನಿಂದ ಎರಡೂ ಟರ್ಮಿನಲ್ ಒಟ್ಟಿಗೆ ಮುಟ್ಟಿಸಿ. ಆಮೇಲೆ ಒಂದೊಂದನ್ನೂ ಓವನ್ನಿನ ತಗಡಿಗೆ ಮುಟ್ಟಿಸಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ. ಕೆಲಸ ಮುಗಿಯುವ ತನಕ ಎರಡು ಟರ್ಮಿನಲ್ ನಡುವೆ ಕ್ಲಿಪ್ ವೈರ್ ಬಿಟ್ಟಿರಿ. ನನ್ನ ಹತ್ತಿರ ಒಂದು ಕೋಲು ಇದೆ, ಪಿವಿಸಿ ಪೈಪಿನೊಳಗೆ ಸಾಲಾಗಿ ರೆಸಿಸ್ಟರ್ ಬೆಸುಗೆ ಹಾಕಿದ್ದು. ಮೊದಲು ಅದರಿಂದ ಇಳಿಸಿ, ಆಮೇಲೆ ಸ್ಕ್ರೂಡ್ರೈವರ್ ಮುಟ್ಟಿಸುತ್ತೇನೆ. ಆಗ ಕಿಡಿ ಹಾರುವುದಿಲ್ಲ.

ಸ್ಕ್ರೂಡ್ರೈವರ್ ಅಂದೆ. ಟೆಸ್ಟರ್ ಅನ್ನಲಿಲ್ಲ. ಇದನ್ನು ದಯವಿಟ್ಟು ಕೇಳಿಸಿಕೊಳ್ಳಿ. ನಮ್ಮ ಮನೆಗಳಲ್ಲಿ ಸ್ಕ್ರೂಡ್ರೈವರ್ ಅಂದರೆ ದೀಪ ಹತ್ತುವ ಆ ಟೆಸ್ಟರೇ. ಅದು ಇರುವುದು 230 ವೋಲ್ಟಿನ ಲೈನ್ ನೋಡುವುದಕ್ಕೆ, 3000 ವೋಲ್ಟಿಗೆ ಅಲ್ಲ. ಅದರ ದೀಪ ಹತ್ತಲಿಲ್ಲ ಅಂದರೆ ಕೆಪಾಸಿಟರ್ ಖಾಲಿ ಅಂತಲೂ ಅಲ್ಲ. ಹಾಗೇ ನಿಮ್ಮ ಮಲ್ಟಿಮೀಟರ್ ನೋಡಿ, 600 ಅಥವಾ 1000 ವೋಲ್ಟ್ ಅಂತ ಬರೆದಿರುತ್ತದೆ. ಅದನ್ನು ಓವನ್ನಿನ ಹೈ ವೋಲ್ಟೇಜ್ ಕಡೆಗೆ ಹಿಡಿದರೆ ಮೀಟರ್ ಒಡೆದು ಕೈಗೆ ಬರಬಹುದು. ಮುಚ್ಚಳ ತೆಗೆದ ಓವನ್ನಿಗೆ ಕರೆಂಟ್ ಕೊಟ್ಟು ಪರೀಕ್ಷೆ ಮಾಡುವ ಅಭ್ಯಾಸವನ್ನೇ ಬಿಟ್ಟುಬಿಡಿ. ಕಾಯಿಲ್, ಫ್ಯೂಸು, ಡಬ್ಬಿ ಎಲ್ಲವನ್ನೂ ಕರೆಂಟ್ ಇಲ್ಲದೇ ನೋಡಲು ಬರುತ್ತದೆ.

ಈಗ ಆ ಹುಡುಗನ ಚಪ್ಪಲಿಗೆ ಬರೋಣ. ಚಪ್ಪಲಿ ಯಾಕೆ ಕಾಪಾಡುವುದಿಲ್ಲ? ಟ್ರಾನ್ಸ್‌ಫಾರ್ಮರಿನ ಹೈ ವೋಲ್ಟೇಜ್ ಸುತ್ತಿನ ಒಂದು ತುದಿ ಅದರ ಕಬ್ಬಿಣಕ್ಕೇ ಸೇರಿರುತ್ತದೆ. ಇನ್ನೊಂದು ತುದಿ ನಿಮ್ಮ ಒಂದು ಕೈಗೆ, ಕಬ್ಬಿಣ ಇನ್ನೊಂದು ಕೈಗೆ ಸಿಕ್ಕರೆ ಕರೆಂಟು ಕಾಲಿನ ಕಡೆ ಹೋಗುವುದೇ ಇಲ್ಲ. ಚಪ್ಪಲಿ ಕೆಳಗೆ ಸುಮ್ನೆ ಇರುತ್ತದೆ. ಮನೆಯಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, 30 ಮಿಲಿ ಆಂಪಿನ ಆರ್‌ಸಿಸಿಬಿ ಇದೆ, ಅದು ಬೀಳುತ್ತದೆ ಅನ್ನುತ್ತೀರಾ? ಅದು ನೋಡುವುದು ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ ಅಂತ ಮಾತ್ರ. ಈ ಕಡೆಯ ಕರೆಂಟು ಟ್ರಾನ್ಸ್‌ಫಾರ್ಮರಿನಿಂದ ಹೊರಟು ನಿಮ್ಮ ಮೈಯಲ್ಲಿ ಹಾದು ಅಲ್ಲಿಗೇ ವಾಪಸ್ ಹೋಗುತ್ತದೆ. ಆರ್‌ಸಿಸಿಬಿಗೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಮತ್ತೆ, ಕೆಪಾಸಿಟರ್ ಒಂದು ಸಲ ಹೊಡೆದು ಖಾಲಿಯಾಗುತ್ತದೆ. ಈ ಟ್ರಾನ್ಸ್‌ಫಾರ್ಮರ್ ಖಾಲಿಯಾಗುವುದಿಲ್ಲ. ಗೋಡೆಯಿಂದ ಬರುತ್ತಲೇ ಇರುತ್ತದೆ. ಅಮೆರಿಕದಲ್ಲಿ ಮರ ಕಡೆಯುವವರ ಸಂಘವೊಂದಿದೆ, ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್ ಅಂತ. ಈ ಮಿಂಚಿನ ಚಿತ್ರ ಸುಡಲು ಹೋಗಿ 30ಕ್ಕೂ ಜಾಸ್ತಿ ಜನ ಸತ್ತಿದ್ದನ್ನು ಅವರು ಲೆಕ್ಕ ಇಟ್ಟಿದ್ದಾರೆ. ತಮ್ಮ ಕಾರ್ಯಕ್ರಮಗಳಲ್ಲಿ ಇದನ್ನು ಮಾಡಲು ಬಿಡುವುದಿಲ್ಲ. ಅವರಲ್ಲಿ ಎಷ್ಟು ಜನ ಹುಷಾರಾಗಿ ಮಾಡುತ್ತೇನೆ ಅಂದಿದ್ದರೋ!

ಗುಜರಿಯ ಅಣ್ಣಂದಿರೇ, ನಿಮಗೆ ಇನ್ನೊಂದು ಮಾತು. ಮ್ಯಾಗ್ನೆಟ್ರಾನ್ ಒಳಗೆ ಎರಡು ಬಳೆ ಆಕಾರದ ಮ್ಯಾಗ್ನೆಟ್ ಸಿಗುತ್ತವೆ, ತಾಮ್ರ ಸಿಗುತ್ತದೆ. ಅದಕ್ಕಾಗಿ ಸುತ್ತಿಗೆಯಿಂದ ಕುಟ್ಟುತ್ತೀರಿ. ಒಳಗಿನ ಪಿಂಗಾಣಿ ಬಿಲ್ಲೆಯನ್ನು ಮಾತ್ರ ಒಡೆಯಬೇಡಿ. ಬಹಳಷ್ಟರಲ್ಲಿ ಅದು ಸಾದಾ ಅಲ್ಯೂಮಿನಾ. ಆದರೆ ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಇರಬಹುದು. ಅದರ ಪುಡಿ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಜೀವನಪೂರ್ತಿ ತೊಂದರೆ. ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ.

ಚೀಟಿ ಬಂತು. ಹತ್ತು ನಿಮಿಷ ಇದೆಯಂತೆ. ನಾನು ಬರೆದುಕೊಂಡು ಬಂದಿದ್ದರಲ್ಲಿ ಅರ್ಧವೂ ಆಗಿಲ್ಲ. ಬೇಗ ಬೇಗ ಹೇಳುತ್ತೇನೆ.

ಎಸಿ: ಹೊರಗಿನ ಯೂನಿಟ್ಟಿನಲ್ಲಿ 35ರಿಂದ 50 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇರುತ್ತದೆ, ಅದೂ ಟ್ಯಾಂಕೇ, ಮೊದಲು ಖಾಲಿ ಮಾಡಿ. ಫ್ರಿಜ್ಜು: ಕಂಪ್ರೆಸರ್ ಮೇಲೆ ಆರ್600ಎ ಅಂತ ಇದ್ದರೆ ಒಳಗಿನ ಗ್ಯಾಸು ಬೆಂಕಿ ಹಿಡಿಯುತ್ತದೆ. ಪೈಪ್ ಕತ್ತರಿಸಬೇಡಿ, ಹತ್ತಿರ ಬೀಡಿ ಹಚ್ಚಬೇಡಿ. ಎಸಿಯ ಆರ್32 ಕೂಡ ಉರಿಯುತ್ತದೆ. ಕಂಪ್ಯೂಟರ್, ಟಿವಿಗಳ ಪವರ್ ಸಪ್ಲೈಯಲ್ಲಿ 300 ವೋಲ್ಟಿನ ಮೇಲೆ ನಿಂತಿರುತ್ತದೆ. ಇನ್ವರ್ಟರ್ ಬ್ಯಾಟರಿ 12 ವೋಲ್ಟ್, ಶಾಕ್ ಹೊಡೆಯುವುದಿಲ್ಲ. ಆದರೆ ಸ್ಪ್ಯಾನರ್ ಎರಡು ಟರ್ಮಿನಲ್ ಮೇಲೆ ಅಡ್ಡ ಬಿದ್ದರೆ ಕೆಂಪಗೆ ಕಾಯುತ್ತದೆ. ಅದಕ್ಕೇ ಉಂಗುರ ತೆಗೆಯಿರಿ ಅಂದಿದ್ದು. ಹೊಸ ಇನ್ವರ್ಟರ್ ಓವನ್‌ಗಳಲ್ಲಿ ದಪ್ಪ ಟ್ರಾನ್ಸ್‌ಫಾರ್ಮರ್ ಇಲ್ಲ, ಒಂದು ಬೋರ್ಡ್ ಇರುತ್ತದೆ. ಹಗುರ ಇದೆ ಅಂತ ಸಲೀಸು ಅಂದುಕೊಳ್ಳಬೇಡಿ. ಕೆಲವದರಲ್ಲಿ ಬಿಸಿ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕಿಗೇ ಲೈನ್ ಕರೆಂಟ್ ಇರುತ್ತದೆ.

ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಅವರನ್ನು ಮುಟ್ಟಬೇಡಿ, ಮೇನ್ ಆಫ್ ಮಾಡಿ. 108ಕ್ಕೆ ಫೋನ್ ಮಾಡಿ. ಉಸಿರು ಇಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತಿ, ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಎದ್ದು ಕೂತು ಏನೂ ಆಗಿಲ್ಲ ಅಂದರೂ ಒಂದು ಇಸಿಜಿ ಮಾಡಿಸಿ.

2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಬಗ್ಗೆ ಹೇಳಬೇಕಿತ್ತು, ಅದನ್ನು ಊಟದ ಹೊತ್ತಿನಲ್ಲಿ ಮಾತಾಡೋಣ. ಈಗ ಈ ಮೇಜಿನ ಮೇಲೆ ಒಂದು ಕೆಟ್ಟ ಓವನ್ ಇದೆ. ಅದರ ಡಬ್ಬಿಯನ್ನು ನಾನೇ ಮೂರು ಸಲ ಖಾಲಿ ಮಾಡಿ ಕ್ಲಿಪ್ ಹಾಕಿದ್ದೇನೆ. ಇಬ್ಬಿಬ್ಬರಾಗಿ ಬನ್ನಿ, ಟರ್ಮಿನಲ್ ಎಲ್ಲಿವೆ ಅಂತ ತೋರಿಸಿ. ಉಂಗುರ, ವಾಚು ತೆಗೆದು ಬನ್ನಿ. ಎಡಗೈ ಸುಮ್ಮನಿರುವುದಿಲ್ಲ ಅನ್ನುವವರಿಗೆ, ಇಗೋ, ಟವೆಲ್ ತಂದಿದ್ದೇನೆ.